ನಾನು ಗೆದ್ದ ಆಟ

ಬಸವಕುಮಾರ,

ಇವತ್ತು ಮಗಳು ಝಿಕ್ರಾಗೆ ನಿನ್ನ ಚೆಸ್ ಬ್ಲಾಗ್ ತೆರೆದು ತೋರಿಸಿದೆ. ಇಲ್ಲಿ ಅಮೆರಿಕದ ಶ್ಯಾಂಟಿಲಿಯಲ್ಲಿರುವ ನಿನ್ನ ಮನೆಯಲ್ಲಿ ನಾವಿಬ್ಬರು ಆಡಿದ ಆಟ ಅಲ್ಲೇ ಇದೆ. ಬಟನ್ ಒತ್ತಿದರೆ ಕಾಯಿಗಳು ಒಂದೊಂದಾಗಿ ನಡೆಯುತ್ತವೆ, ಕೊನೆಗೆ ನಿನ್ನ ರಾಜ ಮೂಲೆಯಲ್ಲಿ ಸಿಕ್ಕಿಬೀಳುತ್ತಾನೆ.

ಆದರೆ ಅಕ್ಬರ್ ಎಂದು ನನ್ನ ಹೆಸರಿದ್ದ ಕಡೆ ಈಗ 'ಎನ್.ಎನ್.' ಎಂದಿದೆ. ಹೆಸರು ಗೊತ್ತಿಲ್ಲದ ಆಟಗಾರನಿಗೆ ಚೆಸ್‌ನವರು ಹಾಕುವ ಗುರುತು. ಮುಸ್ಲಿಂ ದೇಶಗಳವರು ಇಲ್ಲಿಗೆ ಬರದಂತೆ ಸರ್ಕಾರ ಹೇರಿದ ಪ್ರಯಾಣ ನಿಷೇಧದ ವಿರುದ್ಧ ಏರ್‌ಪೋರ್ಟಿನಲ್ಲಿ ನಾನು ಕೂಗುತ್ತಿದ್ದ ಫೋಟೋ ಪೇಪರಿನಲ್ಲಿ ಬಂತು, ನೀನು ಹೆಸರು ಅಳಿಸಿದೆ. ಸರ್ಕಾರಿ ಕಾಂಟ್ರ್ಯಾಕ್ಟಿನ ಕೆಲಸ ನಿನ್ನದು, ಹೆದರಿಕೆ ಇರುತ್ತದೆ. ಮೈಸೂರಿನ ಬೀದಿಯಲ್ಲಿ ನನ್ನ ಹೆಗಲ ಮೇಲೆ ಕೈಹಾಕಿ ಧಿಕ್ಕಾರ ಕೂಗಿದವನೇನೋ ನೀನು?

"ಬಸವ ಅಂಕಲ್‌ನ ಸೋಲಿಸಿದ್ದು ಯಾರು ಅಬ್ಬಾ? ಹಿ ಈಸ್ ಸೋ ಗುಡ್," ಎಂದಳು ಝಿಕ್ರಾ.

"ಗೊತ್ತಿಲ್ಲಮ್ಮ," ಎಂದೆ.

ನಿನ್ನ ಕೆಲಸ ಉಳಿಯಲಿ.