ಮಳೆ ಯಾರದು

ಹಟಮಾರಿ ಯಪ್ಪಾ,

ಮೊದಲು ನಿನ್ನ ಜೊತೆ ಜಗಳ ಮಾಡಬೇಕು. ಸುದ್ದಿ ಆಮೇಲೆ.

ನಾನು ಶಾಲೆ ಬಿಟ್ಟ ದಿನ ನೆನಪಿದೆಯಾ? ಮಳೆ ಹೇಗೆ ಬರುತ್ತದೆ ಎಂದು ಮಾಸ್ತರ್ ಕೇಳಿದರು. "ನಮ್ಮಪ್ಪ ಗಾಜಿನ ಮ್ಯಾಲ ಗೀರ್ತಾನ್ರಿ, ನಮ್ಮ ಕಾಕಾ ತಿರುವ್ತಾನ್ರಿ," ಎಂದೆ. ಕೈ ಊದುವಂತೆ ಬಾರಿಸಿದರು. ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಪಾಟಿ ಅಲ್ಲೇ ಬಿಟ್ಟು ಮನೆಗೆ ಬಂದೆ. ನೀನು ಬೈಯಲಿಲ್ಲ. ನನ್ನ ಕೈಗೊಂದು ಜಾಲಿಮುಳ್ಳು ಕೊಟ್ಟು, "ಗೀರು, ನೋಡೂಣು," ಅಂದೆ. ಕಪ್ಪು ಬಣ್ಣ ಬಳಿದ ದುಂಡು ಗಾಜು. ಅದರ ಮೇಲೆ ಮುಳ್ಳಿನ ಗೀರು. ಹಿಂದೆ ಹುಸೇನಪ್ಪ ಕಾಕಾನ ದೊಡ್ಡ ದೀಪ. ಕಾಕಾ ಗಾಜು ತಿರುಗಿಸಿದರೆ ಪರದೆಯ ಮೇಲೆ ಮಳೆ. ನಾಟಕ ಕಂಪನಿಗಳಿಗೆ ಮಳೆ, ಸಿಡಿಲು, ಪ್ರವಾಹ ಮಾಡಿಕೊಡುವ ನಮ್ಮ ಟ್ರಿಕ್ ಸೀನ್ ಕಂಪನಿ ಎಂದರೆ ಅಷ್ಟೇ. ಅಣ್ಣ, ತಮ್ಮ, ಒಂದು ಮುಳ್ಳು, ಒಂದು ದೀಪ.

ಮಾನ್ವಿಯಲ್ಲಿ ಮೊದಲ ಸಲ ಮಳೆ ಸುರಿಸಿದಾಗ ಮುಂದಿನ ಸಾಲಿನವರು ಟವೆಲ್ ತಲೆ ಮೇಲೆ ಹಾಕಿಕೊಂಡರಲ್ಲ, ನೀನು ಪರದೆ ಹಿಂದೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಆಮೇಲೆ ಗಡಿಯಾಚೆಯ ತೆಲುಗು ಕಂಪನಿಯವರೂ ರಾಯಚೂರಿನ ನಮ್ಮ ಮನೆ ಹುಡುಕಿಕೊಂಡು ಬಂದರು. "ಹೀರೋ ಇಲ್ಲಂದ್ರೂ ನಡಿಸ್ತೀನ್ರಿ, ನಿಮ್ಮ ಮಳಿ ಇಲ್ಲಂದ್ರ ಆಗಂಗಿಲ್ಲ," ಎಂದು ಒಬ್ಬ ಮಾಲೀಕ ನಿನ್ನ ಕೈ ಹಿಡಿದಿದ್ದ.

ಶಕ್ತಿನಗರದಲ್ಲಿ ಆಗಿನ್ನೂ ಕರೆಂಟ್ ಕಾರ್ಖಾನೆಯ ಚಿಮಣಿ ಏಳುತ್ತಿತ್ತು. ಅಲ್ಲಿ ಕ್ಯಾಂಪ್ ಹಾಕಿದ್ದ ನಾಟಕ ಕಂಪನಿಯ ಮಾಲೀಕ ಮಳೆ ಮೆಚ್ಚಿ ಹಾರ ತಂದ. ದೀಪದ ಹತ್ತಿರ ನಿಂತವನು ಕಾಕಾ, ಹಾರ ಅವನ ಕೊರಳಿಗೆ ಬಿತ್ತು. ಗಾಜು ಗೀರಿದ ನೀನು ಮೂಲೆಯಲ್ಲಿ ನಿಂತಿದ್ದೆ. ಮನೆಗೆ ಬಂದ ಮೇಲೆ ಶುರುವಾಯಿತು.

"ಮಳಿ ನಂದಲೇ!"

"ದೀಪ ಇಲ್ಲಂದ್ರ ನಿನ್ನ ಗಾಜು ರೊಟ್ಟಿ ಹಂಚು, ಯಣ್ಣಾ."

"ಗಾಜು ಇಲ್ಲಂದ್ರ ನಿನ್ನ ದೀಪದಾಗ ಹುಳ ಬೀಳ್ತಾವ, ಆರಿಸ್ಕೊಂತ ಕೂಡು!"

ಇಷ್ಟಕ್ಕೇ ಕಂಪನಿ ಒಡೆಯುತ್ತದಾ?

ಪಾಲು ಮಾಡಿದ ದಿನ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಹಿರಿಯ ಎರಡು ಗುಂಪು ಇಡಬೇಕು, ಕಿರಿಯ ಒಂದನ್ನು ಆರಿಸಬೇಕು, ಅದು ಪದ್ಧತಿ. ಹೊಲಕ್ಕೆ ಸರಿ, ಮನೆಗೆ ಸರಿ. ನೀನು ಅದನ್ನು ಪ್ರವಾಹಕ್ಕೂ ಹಚ್ಚಿದೆ! ನದಿಯ ನೀಲಿ ಬಟ್ಟೆಯನ್ನು ಕತ್ತರಿ ಹಿಡಿದು ನಡುವೆ ಸೀಳಿದೆ. ಗುಡುಗಿನ ತಗಡನ್ನೂ ಎರಡು ಮಾಡಿದೆ. "ನಿಮ್ಮ ತಲಿ ಅಷ್ಟು ಯಾಕ ಉಳಿಸೀರಿ, ಅದನ್ನೂ ಕತ್ತರಸ್ರಿ," ಎಂದು ಅವ್ವ ಕೂಗಿದಳು. ಇಬ್ಬರೂ ಕೇಳಲಿಲ್ಲ. ಕೊನೆಗೆ ದೀಪ ಒಂದು ಗುಂಪಿನಲ್ಲಿ, ಗಾಜು ಇನ್ನೊಂದರಲ್ಲಿ. ಕಾಕಾ ದೀಪ ಎತ್ತಿಕೊಂಡು ಮಾನ್ವಿಗೆ, ಹೆಂಡತಿಯ ತವರಿಗೆ ಹೋದ. ಇಬ್ಬರ ಕೈಯಲ್ಲೂ ಮಳೆ ಉಳಿಯಲಿಲ್ಲ.

ಆಮೇಲೆ ನೀನೊಂದು ನಾಟಕಕ್ಕೆ ಅರ್ಧ ತಗಡು ಬಡಿದೆಯಲ್ಲ, ಕೊಡ ಉರುಳಿ ಬಿದ್ದ ಹಾಗೆ ಕೇಳಿಸಿ ಜನ ನಕ್ಕರು. ಅಲ್ಲಿಗೆ ಕಂಪನಿ ಮುಗಿಯಿತು. ಅಲ್ಲಿ ಕಾಕಾ ಮದುವೆ ಚಪ್ಪರಗಳಿಗೆ ದೀಪ ಹಿಡಿದ. ಇಲ್ಲಿ ನೀನು ಮಾನ್ವಿ ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ಬಾಗಿಲ ಕಡೆ ನೋಡಿದೆ. ಒಂದು ಸಲ ನೀನೇ ಬಸ್ ಹತ್ತಿದ್ದರೆ... ಹತ್ತಲಿಲ್ಲ. ಹೋಗಿಬಿಟ್ಟೆ. ನಿನ್ನ ಮಣ್ಣಿಗೆ ಕಾಕಾ ಬಂದ, ಹಿಂದೆ ನಿಂತ, ಹಿಡಿ ಮಣ್ಣು ಹಾಕಿ ಬಸ್ ಹತ್ತಿದ.

ದೇವದುರ್ಗಕ್ಕೆ ಹೊಸ ಕಂಪನಿ ಬಂದು ಪ್ರವಾಹದ ಸೀನ್ ಬೇಕೆಂದಾಗ ನಾನು ಒಪ್ಪಿಕೊಂಡುಬಿಟ್ಟೆ. ಮಾನ್ವಿಗೆ ಹೋಗಿ ಕಾಕಾನ ಎದುರು ನಿಂತೆ.

"ದೀಪ ಕೊಡು."

"ಕೂಡು, ಚಾ ಕುಡಿ, ನರಸಿ."

"ಚಾ ಬ್ಯಾಡ. ದೀಪ ಕೊಡು."

"ಅಪ್ಪನ ಬಾಯಿನೇ ಬಂದದ ನೋಡು ನಿಂಗ. ಅಣ್ಣನ ಗಾಜು ಸವದಿರ್ತಾವ. ಹೊಸಾದು ಯಾರು ಗೀರವ್ರು?"

ಚೀಲದಿಂದ ನನ್ನ ಗಾಜು ತೆಗೆದು ಕೊಟ್ಟೆ. ಕಾಕಾ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಇಷ್ಟು ಜೋರು ಮಳಿ ನಮ್ಮಣ್ಣನೂ ಗೀರಿದ್ದಿಲ್ಲ."

"ಸಿಟ್ಟಿನಾಗ ಗೀರೀನಿ."

"ಕಾಣ್ತದ ಬಿಡು," ಎಂದು ದೀಪದ ಧೂಳು ಒರೆಸತೊಡಗಿದ.

ಈಗ ಸುದ್ದಿ ಕೇಳು. ದೇವದುರ್ಗದಲ್ಲಿ ಮಳೆ ಬಿತ್ತು ಯಪ್ಪಾ. ಅವ್ವ ಸೀಳಿದ ನದಿಯನ್ನು ಮತ್ತೆ ಕೂಡಿಸಿ ಹೊಲಿದುಕೊಟ್ಟಿದ್ದಳು, ಹೊಲಿಗೆಯೇ ಅಲೆಯಂತೆ ಕಂಡಿತು. ಹೆಂಗಸರು ಸೆರಗು ತಲೆಗೆಳೆದುಕೊಂಡರು. ಒಬ್ಬ ಮುದುಕ ಚಪ್ಪಲಿ ಎತ್ತಿ ತೊಡೆ ಮೇಲಿಟ್ಟುಕೊಂಡ. ಮಾಲೀಕ ಹಾರ ತಂದ, ಮತ್ತೆ ಕಾಕಾನ ಕೊರಳಿಗೇ. ಕಾಕಾ ಅದನ್ನು ತೆಗೆದು ಕೈಯಲ್ಲಿ ಹಿಡಿದು ಮೈಕಿನ ಮುಂದೆ ನಿಂತ. "ಮಳಿ ನಮ್ಮಣ್ಣಂದ್ರಿ. ನಾ ಬರೇ ಬೆಳಕು ಹಿಡದೀನಿ."

ಇಷ್ಟು ಮಾತು ಶಕ್ತಿನಗರದಲ್ಲೇ ಅಂದಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ನೀನಾದರೂ ದೀಪ ತಮ್ಮಂದು ಅಂದಿದ್ದರೆ... ಒಂದು ಹೇಳು. ದೀಪ, ಗಾಜು ಬೇರೆ ಬೇರೆ ಇಟ್ಟೆಯಲ್ಲ, ಬೇಕಂತಲೇ ಇಟ್ಟೆಯಾ? ಎರಡರಲ್ಲಿ ಯಾವುದು ಎತ್ತಿಕೊಂಡರೂ ತಮ್ಮ ತಿರುಗಿ ಬರಲೇಬೇಕು ಅಂತಲಾ? ಬಂದ. ನಿನಗೆ ಕಾಯಲು ಆಗಲಿಲ್ಲ ಅಷ್ಟೇ.

ಆದರೆ ಆ ಮಳೆ ನಿನ್ನದಲ್ಲ. ಗೀರಿದವಳು ನಾನು. ಮರುದಿನ ಸಾಮಾನು ಕಟ್ಟುವಾಗ ಕಾಕಾನಿಗೆ ನೇರ ಹೇಳಿದೆ: "ಕಾಕಾ, ಮಳಿ ನಂದು."

ಕಾಕಾ ತಲೆ ಹಿಡಿದುಕೊಂಡು ಕೂತ. "ಶುರು ಆತಪ್ಪಾ ಮತ್ತ!"

ಹೆದರಬೇಡ. ಈ ಸಲ ಕತ್ತರಿ ಬಚ್ಚಿಟ್ಟಿದ್ದೇನೆ.

ನಿನ್ನಷ್ಟೇ ಹಟದ,
ನರಸಿ