ಹೋಳಿಗೆ ಊಟದ ಹೊತ್ತಿಗೆ ಬಂದ ತಿದ್ದುಪಡಿ

ನಡುಸೀಮೆ ಸದನ, ಕೊಪ್ಪಳ
2319, ಉಳಿಕೆ ತಿಂಗಳ ಮೂವತ್ತೆರಡನೆಯ ದಿನ

ಎಷ್ಟೋ ತಲೆಮಾರು ಹಿಂದಿನ ಪೂಜ್ಯ ಹಿರಿಯರಿಗೆ ಸದನದ ಸದಸ್ಯೆ ಹಾಲವ್ವನ ನಮಸ್ಕಾರಗಳು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಉಳಿಕೆ ಎಂದರೆ ಬಿಸಿಲಿಗೆ ಹೊಲದ ಕೆಲಸ ನಿಲ್ಲಿಸುವ ನಮ್ಮ ಹದಿಮೂರನೆಯ ತಿಂಗಳು. ನೀವು ಬಿಟ್ಟುಹೋದ ಕಾನೂನುಗಳಿಗೆ ನಾವು ಹಿರಿಗಟ್ಟಳೆ ಎನ್ನುತ್ತೇವೆ. ಅಗತ್ಯ ಕಂಡರೆ ಸಚಿವರೇ ಅವನ್ನು ಬದಲಿಸಬಹುದೆಂಬ ಅನುಮತಿಯನ್ನೂ ನೀವೇ ಕೊಟ್ಟು ಹೋಗಿದ್ದೀರಿ. ಯಾರನ್ನು ನಂಬಿ ಕೊಟ್ಟಿರೋ, ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ಬದಲಾವಣೆಯ ಪತ್ರವನ್ನು ಸದನದ ಮೇಜಿನ ಮೇಲೆ ಇಡುತ್ತಾರೆ. ಗಂಟೆ ಬಾರಿಸುವವರೆಗೆ ಒಬ್ಬ ಸದಸ್ಯ ಅದರ ಮೇಲೆ ಬಲಗೈ ಇಟ್ಟುಕೊಂಡಿದ್ದರೆ ಆ ದಿನದ ಮಟ್ಟಿಗೆ ಪತ್ರ ವಾಪಸ್. ಯಾರೂ ಇಡದಿದ್ದರೆ ಅದೇ ಕಾನೂನು. ನಮ್ಮ ಜಲಸಚಿವ ಅಂದಾನಪ್ಪನವರಿಗೆ ಊಟ ಹಾಕಿಸುವುದೆಂದರೆ ಮಹಾ ಪ್ರೀತಿ. ಪತ್ರ ಇಡುವ ದಿನವೇ ಸದನದಲ್ಲಿ ಹೋಳಿಗೆ ಮಾಡಿಸುತ್ತಾರೆ. ಎರಡನೆಯ ಹೋಳಿಗೆಗೆ ತುಪ್ಪ ಬೀಳುವಾಗ ಪತ್ರ ಮೇಜಿಗೆ ಬರುತ್ತದೆ. ಎಂಜಲು ಕೈಯಲ್ಲಿ ಕಾನೂನು ಮುಟ್ಟುವುದು ಹೇಗೆ? ಎದ್ದು ಕೈ ತೊಳೆದು ಬರುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ. ಇದೆಲ್ಲ ತಾನಾಗಿಯೇ ಕೂಡಿಬರುತ್ತದೆಂದು ನಂಬುವಷ್ಟು ದಡ್ಡಿ ನಾನಲ್ಲ.

ಮನೆಯವರ ಅಹವಾಲು ಕೇಳದೆ ನಲ್ಲಿ ಬಂದ್ ಮಾಡಬಾರದೆಂಬ ಹಿರಿಗಟ್ಟಳೆಯನ್ನು ಇವತ್ತು ತೆಗೆಯುತ್ತಾರೆಂದು ನಿನ್ನೆಯೇ ಕಿವಿಗೆ ಬಿದ್ದಿತ್ತು. ತೆಗೆದರೆ ಮೊದಲು ಒಣಗುವುದು ಸಚಿವರಿಗೆ ಓಟು ಹಾಕದ ನಮ್ಮ ಓಣಿ. ಮನೆಯಲ್ಲಿ ನನ್ನ ಮಗಳು ಹಸಿ ಬಾಣಂತಿ. ಉಪವಾಸವೆಂದು ಹೇಳಿ ಎಲೆಯ ಮುಂದೆ ಕೂರಲಿಲ್ಲ. ಪತ್ರ ಬಂದೊಡನೆ ಕೈ ಇಟ್ಟೆ. ಉಣ್ಣುತ್ತಿದ್ದವರೆಲ್ಲ ನನ್ನನ್ನೇ ನೋಡಿದರು.

"ಸಣ್ಣ ತಿದ್ದುಪಡಿ ಅಕ್ಕಾರ, ಇದಕ್ಯಾಕ ಇಷ್ಟು ತಲಿ ಕೆಡಿಸ್ಕೋತೀರಿ? ಬರ್ರಿ, ಒಂದ ಹೋಳಿಗಿ ತಿನ್ರಿ," ಎಂದರು ಸಚಿವರು.

ನಾನು ಅಲುಗಲಿಲ್ಲ. ಆಗ ಅವರು ನಗುತ್ತಲೇ ಮೇಜಿನ ಆ ತುದಿಯಲ್ಲಿ ಇನ್ನೊಂದು ಪತ್ರ ಇಡಿಸಿದರು. ಉಪವಾಸವಿರುವ ಸದಸ್ಯರು ಆರೋಗ್ಯದ ದೃಷ್ಟಿಯಿಂದ ಸದನಕ್ಕೆ ಬರಬಾರದಂತೆ! ನನ್ನ ಕೈ ಅಲ್ಲಿಯವರೆಗೆ ಚಾಚದು. ಇಲ್ಲಿಂದ ತೆಗೆದರೆ ನೀರು ಹೋಗುತ್ತದೆ. ಅದರ ಪಕ್ಕದವರನ್ನು ಕಣ್ಣಲ್ಲೇ ಬೇಡಿಕೊಂಡೆ, ಅವರು ತುಪ್ಪ ಮೆತ್ತಿದ ಕೈ ತೋರಿಸಿದರು. ಗಂಟೆ ಬಾರಿಸಿತು.

ನೀರಿನ ಪತ್ರ ಇವತ್ತು ವಾಪಸಾಗಿದೆ, ನಾಳೆ ಮತ್ತೆ ಬರುತ್ತದೆ. ಉಪವಾಸದ ಪತ್ರ ಕಾನೂನಾಗಿದೆ, ನಾಳೆ ನನಗೂ ಎಲೆ ಹಾಕುತ್ತಾರೆ. ಹಿರಿಯರೇ, ಈ ಓಲೆ ನಿಮ್ಮ ಕಾಲಕ್ಕೆ ತಲುಪುವ ಹೊತ್ತಿಗೆ ನೀವು ಆ ಅನುಮತಿಗೆ ಇನ್ನೂ ಸಹಿ ಹಾಕಿರದಿದ್ದರೆ ಹಾಕಬೇಡಿ, ಕೈಮುಗಿದು ಕೇಳುತ್ತೇನೆ. ಹಾಕಿದ್ದರೆ, ನಿಮ್ಮ ಮರಿಮಕ್ಕಳ ಮರಿಮಗಳು ತನ್ನ ಕೂಸಿಗೆ ಎರೆಯಲು ಒಂದು ಕೊಡ ನೀರಿಗಾಗಿ ಸಚಿವರ ಮನೆ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.