ಕೊಂಢವಾದ ಹೋಟೆಲಿನ ಗೋಡೆ

೪ ಮಾರ್ಚ್ ೨೦೧೩, ಸೋಮವಾರ

ಇವತ್ತು ಕಾತ್ರಜ, ಬಿಬವೇವಾಡಿ, ಕೊಂಢವಾ ಬಡಾವಣೆಗಳು. ಹನ್ನೊಂದು ಅಂಗಡಿ ಸುತ್ತಿದೆ. ಮಾರಾಟ ಸೊನ್ನೆ. ನಮ್ಮ ಕಂಪನಿಯ ಕಾರ್ವೆಲ್ ಫೋನುಗಳನ್ನು ಮುಂದಿನ ಗಾಜಿನಿಂದ ತೆಗೆದು ಒಳಗಿನ ಕಪಾಟಿಗೆ ಸಾಗಹಾಕಿದ್ದಾರೆ. ಮುಂದೆ ಇಡಿ ಎಂದರೆ ಆಯಿತು ಸಾಹೇಬರೇ ಎನ್ನುತ್ತಾರೆ. ನಾನು ಮೆಟ್ಟಿಲು ಇಳಿಯುವುದೇ ತಡ, ಮತ್ತೆ ಒಳಗೆ.

ಕಾತ್ರಜದಲ್ಲಿ ಒಬ್ಬ ಕಾಲೇಜು ಹುಡುಗಿ, ಅಪ್ಪನ ಜೊತೆ ಬಂದಿದ್ದಳು. ನಾನೇ ಕಾರ್ವೆಲ್ ತೋರಿಸಿದೆ. ಅಕ್ಷರದ ಕೀಲಿಗಳ ಮೇಲೆ ಬೆರಳಾಡಿಸಿ, "ಬಾಬಾ, ಹಾ ತರ ಆಫೀಸಚಾ ಫೋನ್ ಆಹೆ" ಎಂದು ಮರಾಠಿಯಲ್ಲಿ ಹೇಳಿ ನಕ್ಕಳು. ಹೌದು ತಾಯಿ, ಆಫೀಸಿನದೇ. ಆರು ವರ್ಷ ಅದೇ ಮಾತನ್ನು ಹೆಮ್ಮೆಯಿಂದ ಹೇಳಿ ಮಾರಿದ್ದೇನೆ. ವಕೀಲರು, ಬಿಲ್ಡರುಗಳು, ಬ್ಯಾಂಕಿನವರು... ಸೊಂಟದಲ್ಲಿ ಕಾರ್ವೆಲ್ ಇದ್ದವನು ದೊಡ್ಡ ಮನುಷ್ಯ. ಆಗ ಇದೇ ಅಂಗಡಿಯವರು ನಾನು ಹೋದರೆ ಕುರ್ಚಿ ಒರೆಸುತ್ತಿದ್ದರು.

ಕೊನೆಗೆ ಕೊಂಢವಾದಲ್ಲಿ ಕುಶಲ ಶೆಟ್ಟರ ಬಳಿ. ಅಲ್ಲೊಂದು ಕಡೆ ಮಾತ್ರ ನಮ್ಮ ಬೋರ್ಡಿಗೆ ಇನ್ನೂ ದೀಪ ಉರಿಯುತ್ತದೆ. ಕಾರ್ಕಳ ಕಡೆಯ ಹೋಟೆಲ್ ಮನೆತನ. ಮೂರು ವರ್ಷದ ಹಿಂದೆ ನನ್ನ ಮಾತು ಕೇಳಿ ಹೋಟೆಲಿನ ನಡುವೆ ಗೋಡೆ ಎಬ್ಬಿಸಿ, ಅರ್ಧಕ್ಕೆ ಕಾರ್ವೆಲ್ ಷೋರೂಮ್ ಮಾಡಿದರು. ಇನ್ನರ್ಧದಲ್ಲಿ ತಾಯಿ ಪ್ರೇಮಾವತಿ ಅಮ್ಮ ಬೆಳಗಿನ ತಿಂಡಿ ನಡೆಸುತ್ತಾರೆ. ಷೋರೂಮಿನ ಮೊದಲ ಫೋನ್ ನನ್ನ ಕೈಯಿಂದ ಮಾರಾಟವಾಗಿತ್ತು. ಅಂದು ಒಂದೇ ದಿನ ಹದಿನಾಲ್ಕು ಹೋದವು. ಅಂದಿನಿಂದ ಶೆಟ್ಟರ ಲೆಕ್ಕದಲ್ಲಿ ನನ್ನ ಕೈಗುಣ ಒಳ್ಳೆಯದು. ಹೊಸ ಮಾಡೆಲ್ ಬಂದರೆ ನಾನು ಹೋಗುವ ತನಕ ಡಬ್ಬಿ ಒಡೆಯುವುದಿಲ್ಲ.

ಬನ್ಸ್ ತಿಂದೆ. ಅಲ್ಲಿ ನನ್ನಿಂದ ಯಾರೂ ಬಿಲ್ ಕೇಳಿಲ್ಲ.

೧೭ ಮಾರ್ಚ್, ಭಾನುವಾರ

ಶಿವಾನಿಗೆ ಕಂಪನಿ ಸ್ಟಾಫಿಗೆಂದು ಕೊಡುವ ಕಾರ್ವೆಲ್ ತಂದುಕೊಟ್ಟೆ. ಹನ್ನೊಂದನೇ ಕ್ಲಾಸಿನ ಮಗಳು ಖುಷಿಪಡುತ್ತಾಳೆ ಅಂದುಕೊಂಡಿದ್ದೆ.

"ಅಪ್ಪಾ, ನಂಗ ಬ್ಯಾಡ ಇದು. ಗ್ರೂಪ್‌ನ್ಯಾಗ ಎಲ್ಲಾರೂ ಫೋಟೋ ಹಾಕ್ತಾರ, ಇದರಾಗ ತೆರ್ಯೂದ ಇಲ್ಲ."

ಕೂಗಾಡಿದೆ. ಇದೇ ಫೋನಿನಿಂದ ನಿನ್ನ ಫೀ ಕಟ್ಟುವುದು ಎಂದೆಲ್ಲಾ ಅಂದೆ. ರೇಣು ಅಡುಗೆಮನೆಯಿಂದಲೇ, "ಕೂಸಿನ ಮ್ಯಾಲ ಯಾಕ ಒದರ್ತೀರಿ? ಫೋನ್ ಮಾಡಿದವರ ಮ್ಯಾಲ ಒದರ್ರಿ" ಅಂದಳು.

ನನ್ನ ಹೆಂಡತಿ ಹೆಚ್ಚು ಮಾತಾಡುವುದಿಲ್ಲ. ಆಡಿದ್ದು ಮಾತ್ರ ನೇರ ಬಂದು ತಾಗುತ್ತದೆ.

೬ ಏಪ್ರಿಲ್, ಲೋಣಾವಳಾ

ಡೀಲರ್ ಮೀಟ್. ಸಿಕ್ಕವರಿಗೆಲ್ಲ ಚಿಕ್ಕಿ ಡಬ್ಬಿ, ಕಂಪನಿ ಟೋಪಿ. ರೀಜನಲ್ ಹೆಡ್ ಮಂದಾರ ಸರ್ ಸ್ಟೇಜಿನ ಮೇಲೆ ಹೊಸ ಫೋನ್ ಎತ್ತಿ ಹಿಡಿದರು. ಪೂರಾ ಟಚ್. ಕೀಲಿಗಳೇ ಇಲ್ಲ. ಹೋದ ವರ್ಷ ಇದೇ ಸ್ಟೇಜಿನಲ್ಲಿ, ಟಚ್ ಫೋನ್ ಮಕ್ಕಳ ಆಟಿಕೆ ಎಂದು ಇದೇ ಬಾಯಿ ಹೇಳಿತ್ತು. ಆಗಲೂ ಚಪ್ಪಾಳೆ ತಟ್ಟಿದ್ದೆವು. ಇವತ್ತೂ ತಟ್ಟಿದೆವು.

ಊಟದ ಹೊತ್ತಿಗೆ ಮಂದಾರ ಸರ್ ನನ್ನ ಹೆಗಲ ಮೇಲೆ ಕೈ ಹಾಕಿದರು. ನಿನ್ನ ಏರಿಯಾದಿಂದ ಒಂದು ದೊಡ್ಡ ಎಕ್ಸ್‌ಕ್ಲೂಸಿವ್ ಷೋರೂಮ್ ಬೇಕು ದಿಗಂಬರ, ಬೇರೆ ಬ್ರ್ಯಾಂಡ್ ಒಂದೂ ಇರಬಾರದು ಎಂದರು.

ಶೆಟ್ಟರನ್ನು ಲಾನಿಗೆ ಕರೆದುಕೊಂಡು ಹೋದೆ.

"ಆ ಗೋಡಿ ತಗದ್ ಬಿಡ್ರಿ ಶೆಟ್ರ. ಪೂರಾ ಹಾಲ್ ಕಾರ್ವೆಲ್ ಮಾಡ್ರಿ."

"ಅಮ್ಮನ ಅಡಿಗೆಕೋಣೆ ಉಂಟಲ್ಲ ಸರ್. ಅಪ್ಪ ಹೋದ ಮೇಲೆ ಅವರು ದಿನಾ ಬೆಳಿಗ್ಗೆ ಏಳುದೇ ಅದಕ್ಕೆ."

"ಅವರಿಗೂ ವಯಸ್ಸಾತು. ಎಷ್ಟ್ ದಿನಾ ಹೊಗಿ ಕುಡೀಬೇಕ್ರಿ? ದೀಪಾವಳಿಗೆ ನೋಡ್ರಿ, ನಿಲ್ಲಾಕ ಜಾಗಾ ಸಾಲೂದಿಲ್ಲ."

"ನೀವೇ ಹೇಳ್ತಿದ್ದೀರಿ ಅಂದ ಮೇಲೆ ನಾನು ಇನ್ನು ಎಂತ ಯೋಚನೆ ಮಾಡುದು ಮಾರಾಯ್ರೆ."

ಇದನ್ನು ಇಲ್ಲಿ ಬರೆದಿಡುತ್ತೇನೆ — ಹೇಳುವಾಗ ನನಗೆ ನಂಬಿಕೆ ಇತ್ತು. ಇವತ್ತು, ಆ ಲಾನಿನಲ್ಲಿ, ನಿಜವಾಗಿ ಇತ್ತು.

೨೯ ಏಪ್ರಿಲ್

ಹೊಸ ಫೋನ್ ಮೂರು ವಾರದಲ್ಲಿ ಇಡೀ ಏರಿಯಾದಲ್ಲಿ ಒಂಬತ್ತು ಹೋಗಿದೆ. ಐದು ರಿಪೇರಿಗೆ ವಾಪಸ್. ಕೀಲಿ ಬೇಕಾದವರಿಗೆ ಕೀಲಿ ಇಲ್ಲ, ಟಚ್ ಬೇಕಾದವರಿಗೆ ನಮಗಿಂತ ಒಳ್ಳೆಯವು ಇಪ್ಪತ್ತು ಇವೆ. ಅತ್ತ ಇಲ್ಲ, ಇತ್ತ ಇಲ್ಲ.

ಶೆಟ್ಟರ ಫೋನ್. ಅಮ್ಮ ಒಪ್ಪಿದರಂತೆ. ಹೋಟೆಲ್ ಲೈಸೆನ್ಸ್ ವಾಪಸ್ ಕೊಡುತ್ತಾರಂತೆ, ಅಡುಗೆಯ ಇಬ್ಬರನ್ನು ಊರಿಗೆ ಕಳಿಸುತ್ತಾರಂತೆ. ಅಕ್ಷಯ ತದಿಗೆಯ ದಿನ, ಮೇ ೧೩ಕ್ಕೆ, ಗೋಡೆ ಒಡೆಯಲು ಮುಹೂರ್ತ.

"ಅಮ್ಮಾರು ಏನಂದ್ರರಿ?"

"ಎಂತ ಹೇಳ್ತಾರೆ. ನೀನು ಹೇಳಿದ ಹಾಗೆ ಅಂದ್ರು."

೨ ಮೇ, ಗುರುವಾರ

ಮಂದಾರ ಸರ್ ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿದರು. ಕಂಪನಿ ಜನಸಾಮಾನ್ಯರ ಮಾರುಕಟ್ಟೆ ಬಿಡುತ್ತಿದೆ. ಜೂನ್ ಮಧ್ಯದಿಂದ ಅಂಗಡಿಗಳಿಗೆ ಮಾಲಿಲ್ಲ. ಇನ್ನು ದೊಡ್ಡ ಆಫೀಸುಗಳಿಗೆ, ಸರ್ಕಾರಕ್ಕೆ ಮಾತ್ರ. ಆ ಟೀಮಿನಲ್ಲಿ ನನಗೊಂದು ಜಾಗವಿದೆ. ಜೂನ್ ೧೭ರ ಪ್ರಕಟಣೆಯ ತನಕ ಬಾಯಿ ಮುಚ್ಚಿಕೊಂಡಿದ್ದರೆ ಮಾತ್ರ.

"ಕುಣಾಲಾ ಸಾಂಗಾಯ್ಚಂ ನಾಹೀ. ಬಾಯ್ಕೋಲಾ ಪಣ ನಾಹೀ." ಯಾರಿಗೂ ಹೇಳಬಾರದಂತೆ. ಹೆಂಡತಿಗೂ.

ಕೊಂಢವಾದಲ್ಲಿ ಗೋಡೆ ಒಡೆಯುತ್ತಿದ್ದಾರೆ ಸರ್, ನಾವೇ ಹೇಳಿದ್ದು ಅಂದೆ. ಮಂದಾರ ಸರ್ ತಮ್ಮ ಫೋನ್ ನೋಡುತ್ತಾ, ಒಡೆಯಲಿ, ದೊಡ್ಡ ಹಾಲು ಯಾವುದಕ್ಕಾದರೂ ಬರುತ್ತದೆ ಅಂದರು.

ಬಾಯಿಬಿಡುವುದಿಲ್ಲ ಎಂಬ ಕಾಗದ ಮುಂದಿಟ್ಟರು. ಸಹಿ ಹಾಕಿದೆ. ಪೆನ್ನೂ ಅವರದೇ.

೪ ಮೇ

ರೇಣುಗೆ ಹೇಳಿದೆ. ಹೊಟ್ಟೆಯಲ್ಲಿ ನಿಲ್ಲಲಿಲ್ಲ.

"ಫೋನ್ ಹಚ್ಚಿ ಒಂದ್ ಮಾತು ಹೇಳಾಕ ಏನ್ ಧಾಡಿ ನಿಮಗ?"

"ನೌಕರಿ ಹೋಗ್ತದ. ನಲವತ್ತೆಂಟಕ್ಕ ನನಗ್ಯಾರ್ ಕರೀತಾರ?"

"ಅವರ ಮನ್ಯಾಗ ಮೂರ್ ವರ್ಷ ಉಂಡೀರಿ."

ಅವರು ಇಡದ ಲೆಕ್ಕವನ್ನು ಇವಳು ಇಟ್ಟಿದ್ದಾಳೆ. ಎದ್ದು ಹೊರಗೆ ಹೋದೆ.

೧೨ ಮೇ, ಭಾನುವಾರ, ಸಂಜೆ ೬

ಎಂಟು ದಿನ ಕೊಂಢವಾ ಕಡೆ ಹೋಗಲಿಲ್ಲ. ಶೆಟ್ಟರ ಎರಡು ಕಾಲ್ ಎತ್ತಲಿಲ್ಲ. ನಾಳೆ ಗೋಡೆ.

ಕರೆ ಮಾಡಲು ಧೈರ್ಯ ಸಾಲದು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಈಗ ಕಾರ್ವೆಲ್‌ನಿಂದ ಕಾರ್ವೆಲ್‌ಗೆ ಮಾತ್ರ ಹೋಗುವ ನಮ್ಮ ಮೆಸೆಂಜರಿನಲ್ಲಿ ಕಳಿಸಿದೆ. 'ಶೆಟ್ರೇ, ಗೋಡೆ ಒಡೆಯಬೇಡಿ. ಕಾರಣ ಕೇಳಬೇಡಿ. ಸ್ವಲ್ಪ ತಡೆಯಿರಿ.' ಬೇರೆ ಆ್ಯಪುಗಳಲ್ಲಿ ಕಳಿಸಿದರೆ ಯಾರಾದರೂ ನೋಡಿಯಾರು. ನಮ್ಮದು ಭದ್ರ. ಗಿರಾಕಿಗಳಿಗೆ ಹೇಳಿ ಹೇಳಿ ನನಗೇ ಬಾಯಿಪಾಠವಾಗಿದೆ.

ತಲುಪಿತು ಎಂಬ ಗುರುತು ಬಂತು. ಓದಿದರು ಎಂಬ ಗುರುತು ಇಲ್ಲ.

೮ ಗಂಟೆ. ಇಲ್ಲ.

೯.೩೦. ಇನ್ನೂ ಇಲ್ಲ. ಆದರೂ ಹೇಳಿಯಾಯಿತಲ್ಲ. ನನ್ನ ಕಡೆಯಿಂದ ಹೇಳಿಯಾಯಿತು.

೧೩ ಮೇ

ಬೆಳಿಗ್ಗೆ ಎಂಟಕ್ಕೇ ಹೋದೆ. ಬಾಯಿಬಿಟ್ಟು ಹೇಳಿಯೇಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡೆ. ಗೋಡೆಗೆ ಅರಿಸಿನ, ಕುಂಕುಮ. ಮಣೆಯ ಮೇಲೆ ತೆಂಗಿನಕಾಯಿ, ವೀಳ್ಯ. ಶೆಟ್ಟರು ಪೂಜೆಯ ಫೋಟೋ ತೆಗೆಯುತ್ತಿದ್ದರು — ಟಚ್ ಫೋನಿನಲ್ಲಿ. ಬೇರೆ ಕಂಪನಿಯದು.

ನಾನು ನೋಡಿದ್ದನ್ನು ನೋಡಿ ನಾಚಿದರು. "ಬೇಜಾರು ಮಾಡ್ಬೇಡಿ ಸರ್. ಊರಿನವರೆಲ್ಲ ವಾಟ್ಸ್‌ಆ್ಯಪ್‌ನಲ್ಲೇ ಇರುದು. ತಿಂಗಳಾಯ್ತು. ಕಾರ್ವೆಲ್ ಡ್ರಾಯರ್‌ನಲ್ಲಿ ಚಾರ್ಜಿಗೆ ಇಟ್ಟಿದ್ದೇನೆ."

ಕಾರ್ವೆಲ್ ಮಾರುವವನೇ ಕಾರ್ವೆಲ್ ಬಿಟ್ಟಿದ್ದ. ಬಿಡದೆ ಉಳಿದ ಪೆದ್ದ ನಾನೊಬ್ಬನೇ.

"ಶೆಟ್ರ, ಒಂದ್ ಮಾತು..." ಎಂದೆ. ಅಷ್ಟರಲ್ಲಿ ಅವರು ವೀಳ್ಯ ನನ್ನ ಕೈಗಿಟ್ಟರು. ಅದರ ಹಿಂದೆಯೇ ಸುತ್ತಿಗೆ.

"ನಿಮ್ಮದು ಕೈಗುಣ ಸರ್. ಮೊದಲ ಪೆಟ್ಟು ನೀವೇ ಹಾಕ್ಬೇಕು."

ಎಲ್ಲರೂ ನೋಡುತ್ತಿದ್ದರು. ಪ್ರೇಮಾವತಿ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ತಮ್ಮ ಒಲೆಯ ಪಕ್ಕ ನಿಂತಿದ್ದರು. ಒಲೆ ಆರಿತ್ತು. ಹೇಳಲು ಅದೇ ಹೊತ್ತಾಗಿತ್ತು. ಎರಡು ಶಬ್ದ ಸಾಕಿತ್ತು.

ಹೊಡೆದೆ. ಒಂದೇ ಪೆಟ್ಟಿಗೆ ಗಾರೆ ಉದುರಿತು. ಚಪ್ಪಾಳೆ ತಟ್ಟಿದರು.

ಶೆಟ್ಟರು ಕೆಲಸಗಾರರನ್ನು ಕರೆಯಲು ಹೊರಗೆ ಹೋದಾಗ ಕೌಂಟರಿನ ಡ್ರಾಯರ್ ತೆಗೆದೆ. ಅವರ ಕಾರ್ವೆಲ್‌ನಲ್ಲಿ ನನ್ನ ಸಂದೇಶ ಇತ್ತು. ಅಳಿಸಿಬಿಟ್ಟೆ. ಇನ್ನು ಅದು ಯಾವ ಉಪಯೋಗಕ್ಕೆ? ನನಗೆ ಗೊತ್ತಿತ್ತು ಎಂಬುದಕ್ಕೆ ಸಾಕ್ಷಿಯಾಗಿ, ಅಷ್ಟೇ.

ಛೀ.

೧೭ ಜೂನ್

ಪೇಪರಿನ ಏಳನೇ ಪುಟದಲ್ಲಿ ಬಂತು. ಅಂಗೈಯಗಲ ಸುದ್ದಿ. ಅದಕ್ಕಿಂತ ಪಕ್ಕದ ಮಿಕ್ಸರ್ ಜಾಹೀರಾತು ದೊಡ್ಡದು.

ಅರವತ್ತು ಕಾಲ್ ಬಂದಿವೆ. ಒಂದನ್ನೂ ಎತ್ತಿಲ್ಲ. ಶೆಟ್ಟರದು ಮಾತ್ರ ಬಂದಿಲ್ಲ.

೨೨ ಜೂನ್, ಶನಿವಾರ

ಡೀಲರುಗಳೆಲ್ಲ ಕೊಂಢವಾದಲ್ಲಿ ಸೇರಿದ್ದರು, ಶೆಟ್ಟರ ಹೊಸ ಹಾಲಿನಲ್ಲೇ. ಅಷ್ಟು ಜನ ಕೂರುವಷ್ಟು ಜಾಗ ಈಗ ಅಲ್ಲೇ ಇರುವುದು. ಮಂದಾರ ಸರ್ ನನ್ನನ್ನು ಕಳಿಸಿ ತಾವು ಮುಂಬೈಗೆ ಹೋದರು. ಹೊಸ ಬಿಳಿ ಗೋಡೆಗಳು, ಖಾಲಿ ಷೆಲ್ಫುಗಳು. ಒಲೆ ಇದ್ದ ಜಾಗದಲ್ಲಿ ನಮ್ಮ ಆಳೆತ್ತರದ ಪೋಸ್ಟರ್.

ಬೈದರು. ಬೈಗುಳದ ಮರಾಠಿಯಲ್ಲಿ ನನಗೆ ಗೊತ್ತಿಲ್ಲದ ಶಬ್ದಗಳು ಇನ್ನೂ ಇದ್ದವು. ಬಿಬವೇವಾಡಿಯವನು ಕಾಲರ್ ಹಿಡಿದ. ನಿನಗೆ ಮೊದಲೇ ಗೊತ್ತಿತ್ತು ಎಂದ.

ಶೆಟ್ಟರು ನಡುವೆ ಬಂದು ಅವನ ಕೈ ಬಿಡಿಸಿದರು. ಮರಾಠಿಯಲ್ಲಿ ಅವನಿಗೆ ಹೇಳಿ, ನನಗೂ ಕೇಳಲಿ ಎಂಬಂತೆ ಕನ್ನಡದಲ್ಲಿ ಹೇಳಿದರು. "ಇವರಿಗೆ ಗೊತ್ತಿರ್ಲಿಲ್ಲ. ಗೊತ್ತಿದ್ದಿದ್ರೆ ನನಗೆ ಹೇಳ್ತಿದ್ರು. ಈ ಗೋಡೆಗೆ ಮೊದಲ ಪೆಟ್ಟು ಹಾಕಿದ್ದೇ ಇವರು. ಗೊತ್ತಿದ್ದವರು ಹಾಕ್ತಾರಾ?"

ಬಿಬವೇವಾಡಿಯವನು ಹಿಂದೆ ಸರಿದ. ನಾನು ಕಾಲರ್ ಸರಿಮಾಡಿಕೊಂಡೆ. ಶೆಟ್ಟರು ನನ್ನ ಕಡೆ ತಿರುಗಿ, "ಅಲ್ವಾ ಸರ್?" ಎಂದರು.

ಹೌದ್ರಿ ಎಂದೆ.

ಎಲ್ಲ ಹೋದ ಮೇಲೆ ಪ್ರೇಮಾವತಿ ಅಮ್ಮ ಮಹಡಿಯ ಮನೆಯಿಂದ ಕಾಫಿ ತಂದುಕೊಟ್ಟರು. ಶೆಟ್ಟರು ಹೊರಗೆ ಬೀದಿಯಲ್ಲಿ ಯಾರನ್ನೋ ಬೀಳ್ಕೊಡುತ್ತಿದ್ದರು. ಅಮ್ಮ ಸ್ಟೂಲಿನ ಮೇಲೆ ಕೂತು, ದನಿ ಏರಿಸದೆ ಹೇಳಿದರು.

"ಆ ದಿನ ನೀವು ಡ್ರಾಯರ್ ತೆಗ್ದು ಅವನ ಫೋನಿನಲ್ಲಿ ಎಂತದೋ ಒತ್ತಿದ್ದು ನಾನು ಕಂಡಿದ್ದೆ. ಬಾಗಿಲ ಕಡೆ ನೋಡ್ತಾ ನೋಡ್ತಾ ಒತ್ತಿದ್ರಿ. ಆಗ ಅರ್ಥ ಆಗ್ಲಿಲ್ಲ. ಪೇಪರಿನಲ್ಲಿ ಬಂತಲ್ಲ, ಆಗ ಅರ್ಥ ಆಯ್ತು."

ಲೋಟ ಕೆಳಗಿಟ್ಟೆ. "ಅಮ್ಮಾರ..."

"ಎಂತದೂ ಹೇಳ್ಬೇಡಿ. ಕುಶಲನಿಗೆ ನಾನು ಹೇಳುದಿಲ್ಲ. ಹೋಟೆಲು ಹೋಯ್ತು, ಅಂಗಡಿ ಹೋಯ್ತು. ಒಬ್ಬ ಒಳ್ಳೆ ಸ್ನೇಹಿತ ಇದ್ದಾನೆ ಅಂತ ತಿಳ್ಕೊಂಡಿದ್ದಾನೆ. ಅದನ್ನೂ ನಾನು ತೆಗೀಬೇಕಾ?" ಲೋಟ ನನ್ನ ಕಡೆ ಸರಿಸಿದರು. "ಕುಡೀರಿ. ತಣ್ಣಗಾಗ್ತದೆ."

ಕುಡಿದೆ. ಪೂರ್ತಿ ಕುಡಿದೆ. ಲೋಟ ತೊಳೆದಿಡಲು ಎದ್ದರೆ ಅವರೇ ಕಸಿದುಕೊಂಡು ಮಹಡಿಗೆ ಹೋದರು.

ಸಂಜೆ ೭.೧೫, ಮನೆ. ಶೆಟ್ಟರ ಕಾಲ್ ಬರುತ್ತಿದೆ. ರೇಣು ಬಾಗಿಲಲ್ಲಿ ನಿಂತು ನೋಡುತ್ತಿದ್ದಾಳೆ. ಎತ್ತಿ ಎಲ್ಲಾ ಹೇಳಿಬಿಡಬೇಕು. ಹೇಳಿದರೆ ನಾನು ಹಗುರಾಗುತ್ತೇನೆ, ಆ ತಾಯಿ ಉಳಿಸಿಟ್ಟದ್ದು ಹೋಗುತ್ತದೆ. ಹೇಳದಿದ್ದರೆ ಶೆಟ್ಟರು ನನ್ನನ್ನು ಸ್ನೇಹಿತ ಎಂದುಕೊಂಡೇ ಇರುತ್ತಾರೆ.

ಫೋನ್ ಇನ್ನೂ ಬಡಿದುಕೊಳ್ಳುತ್ತಿದೆ. ಎತ್ತುತ್ತೇನೆ. ಎತ್ತಿ ಏನು ಹೇಳುತ್ತೇನೋ ನನಗೇ ಗೊತ್ತಿಲ್ಲ.